ಯುರೋಪಾ ಉಪಗ್ರಹದ ಹಿಮಕವಚದ ಕೆಳಗೆ ವಾಯುಕುಹರಗಳ ಸಾಧ್ಯತೆ: ಸಾರ್ವಜನಿಕ ಮಾಹಿತಿ

1. ಪೀಠಿಕೆ

ಗುರುಗ್ರಹದ ನಾಲ್ಕು ದೊಡ್ಡ ಉಪಗ್ರಹಗಳಲ್ಲಿ ಒಂದಾದ ಯುರೋಪಾದ ಮೇಲ್ಮೈ ಸಂಪೂರ್ಣವಾಗಿ ಮಂಜುಗಡ್ಡೆಯಿಂದ ಆವೃತವಾಗಿದೆ. ಈ ಕವಚದ ಕೆಳಗೆ ಉಪ್ಪುನೀರಿನ ಸಾಗರವಿದೆ ಎಂಬುದಕ್ಕೆ ಬಲವಾದ ಆಧಾರಗಳು ದೊರೆತಿವೆ. ಹಿಮದ ಚಾವಣಿ ಮತ್ತು ಸಾಗರದ ನೀರಿನ ನಡುವೆ ಗಾಳಿ ತುಂಬಿದ ವಿಶಾಲವಾದ ಗುಹೆಗಳಿರಬಹುದು, ಅಲ್ಲಿ ಜೀವಿಗಳು ಉಸಿರಾಡುತ್ತಿರಬಹುದು ಎಂಬ ಕಲ್ಪನೆಯು ವೈಜ್ಞಾನಿಕ ಕಥೆಗಳ ಮೂಲಕ ಜನಪ್ರಿಯವಾಗಿದೆ. ಇಂತಹ ವಾಯುಕುಹರಗಳು ನಿಜವಾಗಿಯೂ ಇರಬಲ್ಲವೇ, ಇದ್ದಲ್ಲಿ ಎಲ್ಲಿ, ಯಾವ ಸ್ವರೂಪದಲ್ಲಿ ಇರಬಲ್ಲವು ಎಂಬುದನ್ನು ವಿದ್ಯಾರ್ಥಿಗಳು, ಶಿಕ್ಷಕರು ಹಾಗೂ ಆಸಕ್ತ ಸಾರ್ವಜನಿಕರ ಉಪಯೋಗಕ್ಕಾಗಿ ಈ ಪುಟದಲ್ಲಿ ವಿವರಿಸಲಾಗಿದೆ.

2. ಮುಖ್ಯಾಂಶಗಳು

• ಹಿಮಕವಚದ ತಳ ಮತ್ತು ಸಾಗರದ ನಡುವೆ ದೊಡ್ಡ ವಾಯುಕುಹರಗಳು ಸ್ಥಿರವಾಗಿ ಉಳಿಯುವ ಸಂಭವವಿಲ್ಲ. ಹಿಮವು ನೀರಿನ ಮೇಲೆ ನೇರವಾಗಿ ತೇಲುತ್ತಿರುತ್ತದೆ.
• ಆ ಆಳದಲ್ಲಿರುವ ಅನಿಲಗಳು ನೀರಿನಲ್ಲಿ ಕರಗಿರುತ್ತವೆ ಅಥವಾ ಮಂಜುಗಡ್ಡೆಯಂತಹ ಘನವಸ್ತುವಿನೊಳಗೆ ಬಂಧಿತವಾಗಿರುತ್ತವೆ.
• ಕವಚದ ಮೇಲ್ಭಾಗದಲ್ಲಿ ಸಣ್ಣ ರಂಧ್ರಗಳು, ನೀರಾವಿ ತುಂಬಿದ ಬಿರುಕುಗಳು ಹಾಗೂ ಅನಿಲದ ಗುಳ್ಳೆಗಳು ಇರುವುದು ಸಾಧ್ಯ.
• ಇವುಗಳಲ್ಲಿ ಯಾವುದೂ ಮನುಷ್ಯನು ಉಸಿರಾಡಬಹುದಾದ ಗಾಳಿಯಲ್ಲ.
• ಮೇಲ್ಮೈಯಲ್ಲಿ ಉತ್ಪತ್ತಿಯಾಗುವ ಆಮ್ಲಜನಕವು ಸಾಗರವನ್ನು ತಲುಪುತ್ತದೆಯೇ ಎಂಬುದೇ ಜೀವದ ದೃಷ್ಟಿಯಿಂದ ಮುಖ್ಯವಾದ ಪ್ರಶ್ನೆಯಾಗಿದೆ.

3. ಯುರೋಪಾದ ಸಂಕ್ಷಿಪ್ತ ಪರಿಚಯ

ಯುರೋಪಾವನ್ನು 1610ರ ಜನವರಿಯಲ್ಲಿ ಗೆಲಿಲಿಯೋ ಗೆಲಿಲಿ ಅವರು ದೂರದರ್ಶಕದ ಮೂಲಕ ಗುರುತಿಸಿದರು. ಇದರ ವ್ಯಾಸ ಸುಮಾರು 3,120 ಕಿ.ಮೀ. ಆಗಿದ್ದು, ನಮ್ಮ ಚಂದ್ರನಿಗಿಂತ ಸ್ವಲ್ಪ ಚಿಕ್ಕದು. ಗುರುಗ್ರಹದಿಂದ ಸುಮಾರು 6,71,000 ಕಿ.ಮೀ. ದೂರದಲ್ಲಿದ್ದು, ಸುಮಾರು ಮೂರೂವರೆ ದಿನಗಳಿಗೊಮ್ಮೆ ಒಂದು ಪ್ರದಕ್ಷಿಣೆಯನ್ನು ಪೂರೈಸುತ್ತದೆ. ಮೇಲ್ಮೈಯ ಉಷ್ಣಾಂಶವು ಸಮಭಾಜಕದ ಬಳಿಯೂ ಸುಮಾರು ಮೈನಸ್ 160 ಡಿಗ್ರಿ ಸೆಲ್ಸಿಯಸ್‌ನಷ್ಟಿರುತ್ತದೆ. ಗುರುಗ್ರಹದ ಸೆಳೆತದಿಂದ ಉಪಗ್ರಹವು ಪ್ರತಿ ಸುತ್ತಿನಲ್ಲಿಯೂ ಹಿಗ್ಗಿ ಕುಗ್ಗುವುದರಿಂದ ಒಳಭಾಗದಲ್ಲಿ ಶಾಖ ಹುಟ್ಟಿ, ನೀರು ದ್ರವರೂಪದಲ್ಲಿ ಉಳಿಯುತ್ತದೆ.

1995ರಿಂದ 2003ರವರೆಗೆ ಗುರುಗ್ರಹವನ್ನು ಸುತ್ತಿದ ಗೆಲಿಲಿಯೋ ಗಗನನೌಕೆಯ ಕಾಂತಕ್ಷೇತ್ರದ ಅಳತೆಗಳು, ಹಿಮದ ಕೆಳಗೆ ವಿದ್ಯುತ್ ಹರಿಯಬಲ್ಲ ಪದರವಿದೆ ಎಂಬುದನ್ನು ತೋರಿಸಿದವು. ಉಪ್ಪುನೀರಿನ ಸಾಗರವೇ ಇದಕ್ಕೆ ಸೂಕ್ತವಾದ ವಿವರಣೆಯಾಗಿದೆ. ಈ ಸಾಗರದಲ್ಲಿ ಭೂಮಿಯ ಎಲ್ಲಾ ಸಾಗರಗಳಲ್ಲಿರುವುದಕ್ಕಿಂತ ಸುಮಾರು ಎರಡು ಪಟ್ಟು ನೀರು ಇರಬಹುದೆಂದು ಅಂದಾಜಿಸಲಾಗಿದೆ. 2022ರ ಸೆಪ್ಟೆಂಬರ್ 29ರಂದು ಜೂನೋ ಗಗನನೌಕೆಯು ಯುರೋಪಾದಿಂದ ಸುಮಾರು 350 ಕಿ.ಮೀ. ಅಂತರದಲ್ಲಿ ಹಾದುಹೋಯಿತು. ಆಗ ಪಡೆದ ಸೂಕ್ಷ್ಮತರಂಗ ಅಳತೆಗಳ ಆಧಾರದ ಮೇಲೆ, ವೀಕ್ಷಿಸಲಾದ ಪ್ರದೇಶದಲ್ಲಿ ಗಟ್ಟಿ ಹಿಮಪದರದ ದಪ್ಪ ಸುಮಾರು 29 ಕಿ.ಮೀ. ಎಂದು ಲೆಕ್ಕ ಹಾಕಲಾಗಿದೆ. ಈ ಅಂದಾಜು 10 ಕಿ.ಮೀ.ನಷ್ಟು ಹೆಚ್ಚು ಅಥವಾ ಕಡಿಮೆ ಆಗಬಹುದು.

4. ಭೂಮಿಯ ಮೇಲೆ ಹಿಮದ ಕೆಳಗಿನ ವಾಯುಕುಹರಗಳು

ಹಿಮದ ಕೆಳಗೆ ಗಾಳಿಯ ಗುಹೆಗಳಿರುವುದು ಭೂಮಿಯ ಮೇಲೆ ಅಪರೂಪವಾದರೂ ಅಸಾಧ್ಯವಲ್ಲ. ಕೆನಡಾ ದೇಶದ ಕ್ವಿಬೆಕ್ ಪ್ರಾಂತ್ಯದ ಉತ್ತರ ತುದಿಯಲ್ಲಿರುವ ಕಾಂಗಿಕ್ಸುಜುವಾಕ್ ಎಂಬ ಹಳ್ಳಿಯ ಇನ್ಯುಟ್ ಜನರು ಚಳಿಗಾಲದಲ್ಲಿ ಕಡಲ ಹಿಮಕ್ಕೆ ರಂಧ್ರ ಕೊರೆದು, ಅದರ ಕೆಳಕ್ಕೆ ಇಳಿದು, ಬಂಡೆಗಳಿಗೆ ಅಂಟಿಕೊಂಡ ಚಿಪ್ಪುಮೀನುಗಳನ್ನು ಸಂಗ್ರಹಿಸುತ್ತಾರೆ. ಆ ಕರಾವಳಿಯಲ್ಲಿ ಉಬ್ಬರವಿಳಿತದ ಅಂತರ ಬಹಳ ದೊಡ್ಡದು. ಇಳಿತದ ವೇಳೆ ನೀರು ಹಿಂದೆ ಸರಿದಾಗ ಹಿಮದ ಹಲಗೆಯು ದಡದ ಬಂಡೆಗಳ ಆಸರೆಯಲ್ಲಿ ಮೇಲೆಯೇ ನಿಲ್ಲುತ್ತದೆ. ಅದರ ಕೆಳಗೆ ಉಂಟಾದ ಬರಿದಾದ ಜಾಗಕ್ಕೆ ಹೊರಗಿನ ಗಾಳಿಯು ಬಿರುಕುಗಳ ಮೂಲಕ ಪ್ರವೇಶಿಸುತ್ತದೆ. ಉಬ್ಬರವು ಮರಳುವ ಮುನ್ನ ಜನರು ಮೇಲಕ್ಕೆ ಬಂದುಬಿಡಬೇಕಾಗುತ್ತದೆ.

ಈ ಉದಾಹರಣೆಯಿಂದ ಹಿಮದ ಕೆಳಗೆ ವಾಯುಕುಹರ ಉಂಟಾಗಲು ಬೇಕಾದ ಮೂರು ಷರತ್ತುಗಳು ಸ್ಪಷ್ಟವಾಗುತ್ತವೆ:

(ಅ) ನೀರು ಕೆಳಗಿಳಿದಾಗ ಹಿಮವನ್ನು ಎತ್ತಿಹಿಡಿಯುವ ಆಸರೆ ಇರಬೇಕು.
(ಆ) ಬರಿದಾದ ಜಾಗವನ್ನು ತುಂಬಲು ಅನಿಲ ದೊರೆಯಬೇಕು.
(ಇ) ಆ ಅನಿಲವು ಕರಗಿಹೋಗದೆ ಅಥವಾ ಘನವಾಗದೆ ಅನಿಲವಾಗಿಯೇ ಉಳಿಯಬೇಕು.

ಯುರೋಪಾದಲ್ಲಿ ಈ ಷರತ್ತುಗಳು ಪೂರೈಸಲ್ಪಡುತ್ತವೆಯೇ ಎಂಬುದನ್ನು ಮುಂದಿನ ಭಾಗದಲ್ಲಿ ಕ್ರಮವಾಗಿ ಪರಿಶೀಲಿಸಲಾಗಿದೆ.

5. ಹಿಮಕವಚದ ತಳದಲ್ಲಿನ ಪರಿಸ್ಥಿತಿ

5.1 ಆಸರೆಯ ಅಭಾವ

ಯುರೋಪಾದ ಸಾಗರಕ್ಕೆ ದಡವಿಲ್ಲ. ಹಿಮಕವಚವು ಇಡೀ ಉಪಗ್ರಹವನ್ನು ಸುತ್ತುವರಿದಿದ್ದು, ಎಲ್ಲೆಡೆಯೂ ನೀರಿನ ಮೇಲೆ ತೇಲುತ್ತಿದೆ. ಸಾಗರವಿರುವುದರಿಂದ ಅಲ್ಲಿನ ಉಬ್ಬರವಿಳಿತವು ಮೇಲ್ಮೈಯನ್ನು ಸುಮಾರು 30 ಮೀಟರ್‌ಗಳಷ್ಟು ಏರಿಳಿಸುತ್ತದೆ ಎಂದು ಲೆಕ್ಕಾಚಾರಗಳು ತಿಳಿಸುತ್ತವೆ. ಆದರೆ ನೀರು ಏರಿದಾಗ ಹಿಮವೂ ಏರುತ್ತದೆ, ನೀರು ಇಳಿದಾಗ ಹಿಮವೂ ಇಳಿಯುತ್ತದೆ. ಎರಡರ ನಡುವೆ ತೆರಪು ಉಂಟಾಗುವುದಿಲ್ಲ.

ನೀರಿನ ಸಹಾಯವಿಲ್ಲದೆ ಕವಚವು ಗುಮ್ಮಟದಂತೆ ತಾನಾಗಿಯೇ ನಿಲ್ಲಬೇಕಾದರೆ, ಅದರೊಳಗಿನ ಹಿಮವು ಸುಮಾರು 900 ಮೆಗಾಪಾಸ್ಕಲ್ ಒತ್ತಡವನ್ನು ತಾಳಬೇಕಾಗುತ್ತದೆ. ಮಂಜುಗಡ್ಡೆಗೆ ಅಷ್ಟು ಬಲವಿಲ್ಲ. ಇದಲ್ಲದೆ, ಸಾಗರಕ್ಕೆ ಹತ್ತಿರವಿರುವ ಹಿಮವು ಬೆಚ್ಚಗಿದ್ದು, ಹಿಮನದಿಯಂತೆ ಅತಿ ನಿಧಾನವಾಗಿ ಹರಿಯುವ ಗುಣವನ್ನು ಹೊಂದಿದೆ. ಆದ್ದರಿಂದ ಸುತ್ತಲಿನ ಹಿಮಕ್ಕಿಂತ ಕಡಿಮೆ ಒತ್ತಡವಿರುವ ಯಾವುದೇ ಪೊಳ್ಳು ಅಲ್ಲಿ ಕ್ರಮೇಣ ಮುಚ್ಚಿಹೋಗುತ್ತದೆ.

5.2 ಒತ್ತಡ

ಯುರೋಪಾದ ಗುರುತ್ವಾಕರ್ಷಣೆಯು ಭೂಮಿಯದಕ್ಕಿಂತ ಬಹಳ ಕಡಿಮೆ. ಸುಮಾರು ಏಳೂವರೆಯ ಒಂದು ಭಾಗ. ಹಾಗಿದ್ದರೂ ಹಿಮದ ದಪ್ಪ ಹೆಚ್ಚಿರುವುದರಿಂದ ಒತ್ತಡವು ದೊಡ್ಡದಾಗುತ್ತದೆ. ಭೂಮಿಯ ಸಮುದ್ರಮಟ್ಟದ ವಾಯುಭಾರವನ್ನು 1 ಎಂದು ಇಟ್ಟುಕೊಂಡಲ್ಲಿ, ಯುರೋಪಾದ ಹಿಮದೊಳಗಿನ ಒತ್ತಡವು ಅಂದಾಜು ಈ ಕೆಳಕಂಡಂತೆ ಇರುತ್ತದೆ:

• 3 ಕಿ.ಮೀ. ಆಳದಲ್ಲಿ: 36 ಪಟ್ಟು
• 10 ಕಿ.ಮೀ. ಆಳದಲ್ಲಿ: 120 ಪಟ್ಟು
• 20 ಕಿ.ಮೀ. ಆಳದಲ್ಲಿ: 240 ಪಟ್ಟು
• 29 ಕಿ.ಮೀ. ಆಳದಲ್ಲಿ: 345 ಪಟ್ಟು

ಇದರ ಅರ್ಥವನ್ನು ಒಂದು ಸರಳ ಉದಾಹರಣೆಯಿಂದ ತಿಳಿಯಬಹುದು. ಖಾಲಿ ತಂಬಿಗೆಯನ್ನು ಬೋರಲು ಹಾಕಿ ನೀರಿನೊಳಗೆ ಒತ್ತಿದರೆ ಗಾಳಿ ಅದರೊಳಗೆ ಉಳಿಯುತ್ತದೆ. ಹಿಮಕವಚದ ತಳದಲ್ಲಿರುವ ಗುಂಡಿಗಳು ಇದೇ ರೀತಿ ಅನಿಲವನ್ನು ಹಿಡಿದಿಡಬಹುದೆಂದು ತೋರುವುದು ಸಹಜ. ಆದರೆ ಒಂದು ಲೀಟರ್ ಅಳತೆಯ ತಂಬಿಗೆಯ ಗಾಳಿಯನ್ನು 20 ಕಿ.ಮೀ. ಹಿಮದ ಕೆಳಗಿನ ಒತ್ತಡಕ್ಕೆ ಒಡ್ಡಿದಲ್ಲಿ ಅದು ಸುಮಾರು 4 ಮಿಲಿಲೀಟರ್‌ಗೆ, ಅಂದರೆ ಒಂದು ಟೀ ಚಮಚಕ್ಕೂ ಕಡಿಮೆ ಗಾತ್ರಕ್ಕೆ ಕುಗ್ಗುತ್ತದೆ. ಆ ಆಳದಲ್ಲಿ ಒಂದು ಘನ ಮೀಟರ್ ಜಾಗವನ್ನು ಆಮ್ಲಜನಕದಿಂದ ತುಂಬಲು ಸುಮಾರು 340 ಕಿಲೋಗ್ರಾಂ ಆಮ್ಲಜನಕ ಬೇಕಾಗುತ್ತದೆ.

5.3 ಅನಿಲವು ನೀರಿನಲ್ಲಿ ಕರಗುವಿಕೆ

ಒತ್ತಡ ಹೆಚ್ಚಿದಷ್ಟೂ ಅನಿಲವು ನೀರಿನಲ್ಲಿ ಹೆಚ್ಚಾಗಿ ಕರಗುತ್ತದೆ. ಗೋಲಿ ಸೋಡಾದ ಬಾಟಲಿಯಲ್ಲಿ ಗೋಲಿಯನ್ನು ಒತ್ತುವವರೆಗೂ ಅನಿಲವು ನೀರಿನಲ್ಲಿಯೇ ಅಡಗಿರುವುದು ಈ ನಿಯಮದಿಂದಲೇ. ಯುರೋಪಾದ ಸಾಗರವನ್ನು ಎಂದೂ ತೆರೆಯದ ಸೋಡಾ ಬಾಟಲಿಗೆ ಹೋಲಿಸಬಹುದು. ಹಿಮದ ತಳದಲ್ಲಿ ಒಂದು ಅನಿಲದ ಗುಳ್ಳೆ ಸಿಲುಕಿದರೂ ಅದು ಕೆಳಗಿನ ನೀರಿನಲ್ಲಿ ಕ್ರಮೇಣ ಕರಗಿಹೋಗುತ್ತದೆ. ಸುತ್ತಲಿನ ನೀರು ಆ ಅನಿಲದಿಂದ ಸಂಪೂರ್ಣವಾಗಿ ತುಂಬಿ ಇನ್ನು ಕರಗಿಸಿಕೊಳ್ಳಲಾರದ ಸ್ಥಿತಿಗೆ ಬಂದಾಗ ಮಾತ್ರ ಗುಳ್ಳೆ ಉಳಿಯಬಲ್ಲದು.

5.4 ಹಿಮಪಂಜರಗಳು

ತಣ್ಣನೆಯ ನೀರು ಮತ್ತು ಅನಿಲವನ್ನು ಹೆಚ್ಚಿನ ಒತ್ತಡದಲ್ಲಿ ಒಟ್ಟಿಗೆ ಇರಿಸಿದಾಗ, ನೀರಿನ ಅಣುಗಳು ಪಂಜರದಂತೆ ಜೋಡಣೆಗೊಂಡು ಅನಿಲದ ಅಣುಗಳನ್ನು ಒಳಗೆ ಬಂಧಿಸುತ್ತವೆ. ನೋಡಲು ಮಂಜುಗಡ್ಡೆಯಂತಿರುವ ಈ ಘನವಸ್ತುವನ್ನು ಕ್ಲಾಥ್ರೇಟ್ ಹೈಡ್ರೇಟ್ ಎನ್ನುತ್ತಾರೆ. ಭಾರತದಲ್ಲಿಯೂ ಇದರ ನಿದರ್ಶನವಿದೆ. 2006ರಲ್ಲಿ ಕೃಷ್ಣಾ-ಗೋದಾವರಿ ಕಡಲ ಕೊಳ್ಳದಲ್ಲಿ ಕೈಗೊಂಡ ಕೊರೆಯುವಿಕೆಯಲ್ಲಿ ಸಮುದ್ರತಳದ ಕೆಸರಿನೊಳಗೆ ಮೀಥೇನ್ ಅನಿಲವು ಇದೇ ರೂಪದಲ್ಲಿ ದೊರೆಯಿತು.

ಸೊನ್ನೆ ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಿಮಪಂಜರಗಳು ರೂಪುಗೊಳ್ಳಲು ಬೇಕಾದ ಒತ್ತಡವು ಅನಿಲದಿಂದ ಅನಿಲಕ್ಕೆ ಬೇರೆಯಾಗಿರುತ್ತದೆ. ಅಂದಾಜು ಪ್ರಮಾಣಗಳು ಇಂತಿವೆ:

• ಇಂಗಾಲದ ಡೈಆಕ್ಸೈಡ್: ಭೂಮಿಯ ವಾಯುಭಾರದ 12 ಪಟ್ಟು
• ಮೀಥೇನ್: 26 ಪಟ್ಟು
• ಆಮ್ಲಜನಕ: 120 ಪಟ್ಟು
• ಸಾರಜನಕ: 160 ಪಟ್ಟು

ಮೇಲ್ಕಂಡ ಎರಡು ಪಟ್ಟಿಗಳನ್ನು ಹೋಲಿಸಿದಲ್ಲಿ ವಿಷಯವು ಸ್ಪಷ್ಟವಾಗುತ್ತದೆ. ಹಿಮಕವಚದ ದಪ್ಪ 20 ಕಿ.ಮೀ. ಅಥವಾ ಅದಕ್ಕಿಂತ ಹೆಚ್ಚಿದ್ದಲ್ಲಿ, ಅದರ ತಳದಲ್ಲಿ ಈ ನಾಲ್ಕೂ ಅನಿಲಗಳು ಘನರೂಪದ ಪಂಜರಗಳಾಗಿ ಮಾರ್ಪಡುತ್ತವೆ. ಗುಹೆಯನ್ನು ತುಂಬಬೇಕಾದ ಗಾಳಿಯೇ ಅಲ್ಲಿ ಮಂಜುಗಡ್ಡೆಯಾಗಿಬಿಡುತ್ತದೆ. ಜಲಜನಕವು ಇದಕ್ಕೆ ಅಪವಾದ. ಅದರ ಪಂಜರ ರೂಪುಗೊಳ್ಳಲು ಇದಕ್ಕಿಂತ ಬಹುಪಾಲು ಹೆಚ್ಚಿನ ಒತ್ತಡ ಬೇಕು. ಆದರೆ ಜಲಜನಕವೂ ನೀರಿನಲ್ಲಿ ಕರಗುವುದರಿಂದ ಅದು ಪ್ರತ್ಯೇಕವಾಗಿ ಸಂಗ್ರಹಗೊಳ್ಳುವುದು ಕಷ್ಟಸಾಧ್ಯ.

6. ಅಂಟಾರ್ಕ್ಟಿಕಾದ ವೊಸ್ತೋಕ್ ಸರೋವರದ ನಿದರ್ಶನ

ಮೇಲಿನ ವಿವರಣೆಯು ಕೇವಲ ಲೆಕ್ಕಾಚಾರವಲ್ಲ. ಭೂಮಿಯ ಮೇಲೆ ಇದಕ್ಕೆ ಹತ್ತಿರವಾದ ಸ್ಥಳವೊಂದಿದೆ. ಅಂಟಾರ್ಕ್ಟಿಕಾದ ವೊಸ್ತೋಕ್ ಸರೋವರವು ಸುಮಾರು 3.7 ಕಿ.ಮೀ. ದಪ್ಪದ ಹಿಮದ ಕೆಳಗಿದೆ. ಭೂಮಿಯ ಗುರುತ್ವ ಹೆಚ್ಚಿರುವುದರಿಂದ ಅಲ್ಲಿನ ಒತ್ತಡವು ಯುರೋಪಾದ ಸುಮಾರು 28 ಕಿ.ಮೀ. ದಪ್ಪದ ಹಿಮದ ಕೆಳಗಿನ ಒತ್ತಡಕ್ಕೆ ಸಮನಾಗಿರುತ್ತದೆ.

ವೊಸ್ತೋಕ್‌ನಲ್ಲಿ ಕೊರೆದು ತೆಗೆದ ಹಿಮದಲ್ಲಿ, ಮೇಲ್ಪದರಗಳಲ್ಲಿ ಪ್ರಾಚೀನ ಕಾಲದ ಗಾಳಿಯ ಗುಳ್ಳೆಗಳು ಕಂಡುಬರುತ್ತವೆ. ಸುಮಾರು 500 ಮೀಟರ್ ಆಳದಿಂದ ಈ ಗುಳ್ಳೆಗಳು ಕಡಿಮೆಯಾಗುತ್ತಾ ಹೋಗಿ, ಸುಮಾರು 1,250 ಮೀಟರ್ ಆಳದ ಹೊತ್ತಿಗೆ ಮಾಯವಾಗುತ್ತವೆ. ಗಾಳಿಯು ಅಲ್ಲಿಯೇ ಇರುತ್ತದೆ; ಆದರೆ ಗುಳ್ಳೆಯಾಗಿ ಅಲ್ಲ, ಹಿಮಪಂಜರದ ಹರಳಾಗಿ. 2012ರ ಫೆಬ್ರವರಿ 5ರಂದು ರಷ್ಯಾದ ತಂಡವು ಸರೋವರವನ್ನು ತಲುಪಿದಾಗ ಹಿಮ ಮತ್ತು ನೀರಿನ ನಡುವೆ ಯಾವುದೇ ಗಾಳಿಯ ತೆರಪು ಎದುರಾಗಲಿಲ್ಲ. ಒತ್ತಡದಲ್ಲಿದ್ದ ನೀರು ನೇರವಾಗಿ ಕೊಳವೆಯೊಳಗೆ ಮೇಲಕ್ಕೆ ನುಗ್ಗಿತು.

7. ಅನಿಲದ ಪೊಳ್ಳುಗಳು ಇರಬಹುದಾದ ಸ್ಥಳಗಳು

ಹಿಮಕವಚದ ತಳದಲ್ಲಿ ಗುಹೆಗಳಿಗೆ ಅವಕಾಶವಿಲ್ಲದಿದ್ದರೂ, ಕವಚದ ಮೇಲ್ಭಾಗದಲ್ಲಿ ಪರಿಸ್ಥಿತಿ ಭಿನ್ನವಾಗಿದೆ. ಅಲ್ಲಿ ಒತ್ತಡ ಕಡಿಮೆ. ಹಿಮವು ಅತಿ ಶೀತದಿಂದ ಕಲ್ಲಿನಂತೆ ಗಟ್ಟಿಯಾಗಿರುತ್ತದೆ. ಈ ಕೆಳಕಂಡ ಮೂರು ಬಗೆಯ ಪೊಳ್ಳುಗಳನ್ನು ನಿರೀಕ್ಷಿಸಬಹುದು.

7.1 ಮೇಲ್ಪದರದ ಸೂಕ್ಷ್ಮ ರಂಧ್ರಗಳು: ಜೂನೋ ನೌಕೆಯ ಅಳತೆಗಳು ಮೇಲ್ಮೈಯಿಂದ ನೂರಾರು ಮೀಟರ್ ಆಳದವರೆಗೆ ಬಿರುಕು, ರಂಧ್ರ ಹಾಗೂ ಪೊಳ್ಳುಗಳಿರುವ ಸೂಚನೆ ನೀಡಿವೆ. ಇವುಗಳ ಗಾತ್ರ ಕೆಲವೇ ಸೆಂಟಿಮೀಟರ್‌ಗಳಿಗಿಂತ ಕಡಿಮೆ. ಇವು ಸಾಗರದವರೆಗೆ ಮುಟ್ಟುವುದಿಲ್ಲ.

7.2 ಆಳವಿಲ್ಲದ ನೀರಿನ ಮಡುಗಳ ಮೇಲಿನ ಗುಳ್ಳೆಗಳು: 2011ರಲ್ಲಿ ಪ್ರಕಟವಾದ ಅಧ್ಯಯನವೊಂದು, ಯುರೋಪಾದ ಥೇರಾ ಮಾಕುಲಾ ಎಂಬ ಕುಸಿದ ಪ್ರದೇಶದ ಕೆಳಗೆ ಸುಮಾರು 3 ಕಿ.ಮೀ. ಆಳದಲ್ಲಿ, ಹಿಮದಿಂದ ಆವೃತವಾದ ದೊಡ್ಡ ನೀರಿನ ಮಡು ಇರಬಹುದೆಂದು ಪ್ರತಿಪಾದಿಸಿತು. ಹಿಮವು ಕರಗಿ ನೀರಾದಾಗ ಅದರ ಗಾತ್ರ ಕುಗ್ಗುತ್ತದೆ. ಹೀಗೆ ಉಂಟಾಗುವ ಜಾಗವನ್ನು ಬಹುಪಾಲು ಮೇಲಿನ ಚಾವಣಿಯೇ ಕುಸಿದು ತುಂಬುತ್ತದೆ. ಮುಂದೆ ಮಡುವು ಮರಳಿ ಹೆಪ್ಪುಗಟ್ಟುವಾಗ, ನೀರಿನಲ್ಲಿ ಕರಗಿದ್ದ ಅನಿಲವು ಹೊರದೂಡಲ್ಪಟ್ಟು ಗುಳ್ಳೆಗಳಾಗಬಹುದು. ಮನೆಯ ಫ್ರಿಜ್‌ನಲ್ಲಿ ತಯಾರಾದ ಐಸ್ ತುಂಡಿನ ನಡುಭಾಗ ಬೆಳ್ಳಗೆ ಕಾಣುವುದು ಇದೇ ಕಾರಣದಿಂದ. ಇಂತಹ ಗುಳ್ಳೆಗಳು ಚಿಕ್ಕವು ಹಾಗೂ ತಾತ್ಕಾಲಿಕವಾದವು. ಹಿಮವು ಇನ್ನಷ್ಟು ತಣಿದಂತೆ ಇವೂ ಪಂಜರರೂಪಕ್ಕೆ ತಿರುಗಬಲ್ಲವು.

7.3 ನೀರಾವಿ ತುಂಬಿದ ಬಿರುಕುಗಳು: ಹಿಮಕವಚವು ಮೇಲಿನಿಂದ ಕೆಳಗಿನವರೆಗೆ ಸೀಳಿದಲ್ಲಿ, ನೀರು ಬಿರುಕಿನೊಳಗೆ ಕವಚದ ದಪ್ಪದ ಸುಮಾರು ಹತ್ತರಲ್ಲಿ ಒಂಬತ್ತು ಭಾಗದವರೆಗೆ ಏರಿ ನಿಲ್ಲುತ್ತದೆ. ತೇಲುವ ಮಂಜುಗಡ್ಡೆಯ ಹತ್ತರಲ್ಲಿ ಒಂಬತ್ತು ಭಾಗ ನೀರಿನೊಳಗಿರುವುದೇ ಇದಕ್ಕೆ ಕಾರಣ. ಉಳಿದ ಹತ್ತನೆಯ ಒಂದು ಭಾಗದಲ್ಲಿ ನೀರಾವಿ ಇರುತ್ತದೆ. ಶನಿಗ್ರಹದ ಎನ್ಸೆಲಾಡಸ್ ಉಪಗ್ರಹದಲ್ಲಿ ಇಂತಹ ಬಿರುಕುಗಳಿಗೆ ಬಲವಾದ ಆಧಾರವಿದೆ. ಅದರ ದಕ್ಷಿಣ ಧ್ರುವದ ನಾಲ್ಕು ಉದ್ದನೆಯ ಬಿರುಕುಗಳಿಂದ ನೀರಾವಿ ಹಾಗೂ ಹಿಮಕಣಗಳು ಚಿಮ್ಮುತ್ತಿರುವುದನ್ನು ಕಸ್ಸೀನಿ ಗಗನನೌಕೆಯು 2005ರಲ್ಲಿ ಪತ್ತೆಹಚ್ಚಿತು. ಯುರೋಪಾದಲ್ಲಿಯೂ ಇಂತಹ ಚಿಮ್ಮುವಿಕೆಯ ಸುಳಿವುಗಳನ್ನು ಹಬಲ್ ದೂರದರ್ಶಕವು 2012ರಲ್ಲಿ ಪಡೆದಿದ್ದರೂ, ಅವು ಇನ್ನೂ ದೃಢಪಟ್ಟಿಲ್ಲ.

8. ಈ ವಿಷಯದ ಮಹತ್ವ

ಗುರುಗ್ರಹದ ಸುತ್ತಲಿನ ವಿದ್ಯುದಾವಿಷ್ಟ ಕಣಗಳು ಯುರೋಪಾದ ಮೇಲ್ಮೈಗೆ ಸತತವಾಗಿ ಬಡಿಯುತ್ತಿದ್ದು, ಹಿಮವನ್ನು ಜಲಜನಕ ಮತ್ತು ಆಮ್ಲಜನಕವಾಗಿ ಒಡೆಯುತ್ತವೆ. ಜೂನೋ ನೌಕೆಯ ಅಳತೆಗಳ ಆಧಾರದ ಮೇಲೆ 2024ರಲ್ಲಿ ಪ್ರಕಟವಾದ ಅಂದಾಜಿನಂತೆ, ಹೀಗೆ ಸೆಕೆಂಡಿಗೆ ಸುಮಾರು 12 ಕಿಲೋಗ್ರಾಂ, ಅಂದರೆ ದಿನವೊಂದಕ್ಕೆ ಸುಮಾರು 1,000 ಟನ್ ಆಮ್ಲಜನಕ ಉತ್ಪತ್ತಿಯಾಗುತ್ತದೆ. ಇದು ಹಿಂದಿನ ಹಲವು ಅಂದಾಜುಗಳಿಗಿಂತ ಕಡಿಮೆ.

ಈ ಆಮ್ಲಜನಕ ಇರುವುದು ಮೇಲೆ. ಅದನ್ನು ಬಳಸಬಲ್ಲ ಜೀವಿಗಳಿದ್ದಲ್ಲಿ ಅವು ಇರುವುದು ಕೆಳಗಿನ ಕತ್ತಲೆಯ ಸಾಗರದಲ್ಲಿ. ನಡುವೆ ಹತ್ತಾರು ಕಿಲೋಮೀಟರ್ ಹಿಮವಿದೆ. ಸೂರ್ಯನ ಬೆಳಕು ತಲುಪದ ಆ ಸಾಗರದಲ್ಲಿ ಜೀವಕ್ಕೆ ಬೇಕಾದ ರಾಸಾಯನಿಕ ಶಕ್ತಿಯು, ತಳದ ಬಂಡೆಗಳಿಂದ ಬರುವ ವಸ್ತುಗಳು ಮತ್ತು ಮೇಲಿನಿಂದ ಇಳಿಯುವ ಆಮ್ಲಜನಕ ಪರಸ್ಪರ ಸಂಧಿಸುವುದರಿಂದ ದೊರೆಯಬಹುದು. ಜೂನೋ ಕಂಡ ಸೂಕ್ಷ್ಮ ರಂಧ್ರಗಳು ಈ ಸಾಗಣೆಗೆ ಮುಖ್ಯ ದಾರಿಯಾಗಲಾರದಷ್ಟು ಚಿಕ್ಕವು ಹಾಗೂ ಮೇಲ್ಮಟ್ಟದವು. ಆಮ್ಲಜನಕ ಬೆರೆತ ಉಪ್ಪುನೀರು ಹಿಮದೊಳಗೆ ನಿಧಾನವಾಗಿ ಜಿನುಗಿ ಕೆಳಗಿಳಿಯಬಹುದೆಂದು 2022ರಲ್ಲಿ ಪ್ರಕಟವಾದ ಒಂದು ಗಣಕ ಮಾದರಿ ಸೂಚಿಸಿದೆ. ಹೀಗಾಗಿ, ಹಿಮದೊಳಗಿನ ಪೊಳ್ಳುಗಳು ಎಷ್ಟು ದೊಡ್ಡವು, ಎಷ್ಟು ಆಳಕ್ಕೆ ಹೋಗುತ್ತವೆ ಎಂಬ ಪ್ರಶ್ನೆಯು ಯುರೋಪಾ ಜೀವಯೋಗ್ಯವೇ ಎಂಬ ಪ್ರಶ್ನೆಯೊಂದಿಗೆ ನೇರ ಸಂಬಂಧ ಹೊಂದಿದೆ.

9. ಮುಂದಿನ ಪರಿಶೀಲನೆ

• ಯುರೋಪಾ ಕ್ಲಿಪ್ಪರ್: ಅಮೆರಿಕದ ನಾಸಾ ಸಂಸ್ಥೆಯ ಈ ನೌಕೆಯನ್ನು 2024ರ ಅಕ್ಟೋಬರ್ 14ರಂದು ಉಡಾಯಿಸಲಾಯಿತು. 2030ರ ಏಪ್ರಿಲ್‌ನಲ್ಲಿ ಗುರುಗ್ರಹವನ್ನು ತಲುಪಿ, ಯುರೋಪಾದ ಸಮೀಪ 49 ಬಾರಿ ಹಾದುಹೋಗುವಂತೆ ಯೋಜಿಸಲಾಗಿದೆ.
• ಜ್ಯೂಸ್: ಯುರೋಪಿಯನ್ ಬಾಹ್ಯಾಕಾಶ ಸಂಸ್ಥೆಯ ಈ ನೌಕೆಯನ್ನು 2023ರ ಏಪ್ರಿಲ್ 14ರಂದು ಉಡಾಯಿಸಲಾಯಿತು. 2031ರ ಜುಲೈನಲ್ಲಿ ಗುರುಗ್ರಹವನ್ನು ತಲುಪಿ, ಯುರೋಪಾದ ಸಮೀಪ ಎರಡು ಬಾರಿ ಹಾದುಹೋಗಲಿದೆ.

ಎರಡೂ ನೌಕೆಗಳಲ್ಲಿ ಹಿಮವನ್ನು ಭೇದಿಸಿ ನೋಡಬಲ್ಲ ರೇಡಾರ್ ಉಪಕರಣಗಳಿವೆ. ಹಿಮದೊಳಗಿನ ನೀರಿನಿಂದ ಬರುವ ಪ್ರತಿಧ್ವನಿ ಬಲವಾಗಿಯೂ, ಖಾಲಿ ಪೊಳ್ಳಿನಿಂದ ಬರುವ ಪ್ರತಿಧ್ವನಿ ಅದಕ್ಕಿಂತ ಕ್ಷೀಣವಾಗಿಯೂ ಇರುವುದರಿಂದ ಎರಡನ್ನೂ ಪ್ರತ್ಯೇಕಿಸಲು ಅವಕಾಶವಿದೆ.

10. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಯುರೋಪಾದ ಹಿಮದ ಪೊಳ್ಳುಗಳಲ್ಲಿ ಮನುಷ್ಯನು ಉಸಿರಾಡಬಹುದೇ?
ಉತ್ತರ: ಇಲ್ಲ. ಬಿರುಕುಗಳೊಳಗಿನ ನೀರಾವಿಯ ಒತ್ತಡವು ಹೆಚ್ಚೆಂದರೆ ಭೂಮಿಯ ವಾಯುಭಾರದ ಶೇಕಡಾ 0.6ರ ಆಸುಪಾಸಿನಲ್ಲಿರುತ್ತದೆ ಹಾಗೂ ಅದು ಗಾಳಿಯಲ್ಲ. ಇನ್ನು ಆಳದಲ್ಲಿ ನೂರಾರು ಪಟ್ಟು ಒತ್ತಡದ ಆಮ್ಲಜನಕ ಇದ್ದರೂ ಅದು ದೇಹಕ್ಕೆ ವಿಷವಾಗುತ್ತದೆ.

ಪ್ರಶ್ನೆ: ಹಿಮವನ್ನು ಕರಗಿಸುತ್ತಾ ಇಳಿಯುವ ಯಂತ್ರವೊಂದು ಕೊನೆಗೆ ಏನನ್ನು ತಲುಪುತ್ತದೆ?
ಉತ್ತರ: ಯಂತ್ರವು ಹಿಮದಿಂದ ನೇರವಾಗಿ ನೀರಿಗೆ ಪ್ರವೇಶಿಸುತ್ತದೆ. ಅಲೆಗಳಿರುವ ತೆರೆದ ನೀರಿನ ಮೇಲ್ಮೈಯಾಗಲಿ, ಅದರ ಮೇಲೆ ಆಕಾಶದಂತಹ ತೆರಪಾಗಲಿ ಇರುವುದಿಲ್ಲ.

ಪ್ರಶ್ನೆ: ಹಿಮಕವಚಕ್ಕೆ ರಂಧ್ರ ಬಿದ್ದರೆ ಸಾಗರವು ಕಾರಂಜಿಯಂತೆ ಹೊರಚಿಮ್ಮುತ್ತದೆಯೇ?
ಉತ್ತರ: ತೇಲುವ ಹಿಮದ ನಿಯಮದಂತೆ ನೀರು ಹತ್ತರಲ್ಲಿ ಒಂಬತ್ತು ಭಾಗದವರೆಗೆ ಮಾತ್ರ ಏರುತ್ತದೆ. ಕರಗಿದ್ದ ಅನಿಲವು ಸೋಡಾದಂತೆ ನೊರೆಯಾಗಿ ಬಿಡುಗಡೆಗೊಂಡಲ್ಲಿ ನೀರು ಅದಕ್ಕಿಂತ ಮೇಲೇರಬಹುದು. ನಿರ್ವಾತಕ್ಕೆ ತೆರೆದುಕೊಂಡ ನೀರು ಏಕಕಾಲದಲ್ಲಿ ಕುದಿಯುತ್ತಾ ಹೆಪ್ಪುಗಟ್ಟುತ್ತದೆ.

ಪ್ರಶ್ನೆ: ಗಾಳಿಯ ಗುಹೆಗಳಿಲ್ಲದಿದ್ದರೆ ಅಲ್ಲಿ ಜೀವವಿಲ್ಲವೆಂದು ಅರ್ಥವೇ?
ಉತ್ತರ: ಹಾಗಲ್ಲ. ಭೂಮಿಯ ಮೀನುಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನೇ ಬಳಸುತ್ತವೆ. ಆಮ್ಲಜನಕದ ಅಗತ್ಯವೇ ಇಲ್ಲದ ಸೂಕ್ಷ್ಮಜೀವಿಗಳೂ ಹೇರಳವಾಗಿವೆ. ಯುರೋಪಾದಲ್ಲಿ ಜೀವವಿದೆ ಎಂಬುದಕ್ಕೆ ಇದುವರೆಗೆ ಯಾವುದೇ ಪುರಾವೆ ದೊರೆತಿಲ್ಲ.

11. ಮುಕ್ತಾಯ

ಯುರೋಪಾದ ಹಿಮ ಮತ್ತು ಸಾಗರದ ನಡುವೆ ಗಾಳಿಗೆ ಪ್ರತ್ಯೇಕವಾದ ಮನೆಯಿಲ್ಲ. ಅಲ್ಲಿನ ಅನಿಲವು ನೀರಿನಲ್ಲಿ ಕರಗಿದೆ, ಹಿಮಪಂಜರದಲ್ಲಿ ಬಂಧಿಯಾಗಿದೆ ಅಥವಾ ಮೇಲ್ಪದರದ ಸಣ್ಣ ರಂಧ್ರಗಳಲ್ಲಿ ಹಾಗೂ ಬಿರುಕುಗಳಲ್ಲಿ ಚದುರಿದೆ. ಹಿಮಕವಚದ ನಿಖರ ದಪ್ಪ ಮತ್ತು ಅದರೊಳಗಿನ ದಾರಿಗಳ ಬಗ್ಗೆ ಮುಂದಿನ ದಶಕದಲ್ಲಿ ದೊರೆಯುವ ರೇಡಾರ್ ಅಳತೆಗಳು, ಮೇಲಿನ ಆಮ್ಲಜನಕ ಕೆಳಗಿನ ಸಾಗರವನ್ನು ಸೇರುತ್ತದೆಯೇ ಎಂಬುದನ್ನು ನಿರ್ಧರಿಸಲು ನೆರವಾಗಲಿವೆ.